ಕೊಡೈಕೆನಾಲಿನ ಕೆರೆಯೂ ಕೆರೆಯ ಗೋಡೂ

ಬೇಸಗೆ ಬಂದಿತೆಂದರೆ ಮದರಾಸಿನಲ್ಲಿರುವ ಕನ್ನಡಿಗರಿಗೆ ಬೆಟ್ಟದ ನೆನಪಾಗುವುದು ಸಹಜ. ಮುಂಬಯಿ, ಪುಣೆಯವರಿಗೆ ಮಹಾಬಲೇಶ್ವರವಿದೆ. ದೆಹಲಿಯವರಿಗೆ ಮಸೂರಿ, ಸಿಮ್ಲಾ ಇವೆ. ನಮಗೆ ಉದಕಮಂಡಲ, ಏರ್ಕಾಡು, ಕೊಡೈಕೆನಾಲ್. ಊರಿನ ಹೆಸರು 1996ರಲ್ಲಿಯೇ ಚೆನ್ನೈ ಎಂದಾಯಿತಾದರೂ ಹಳಬರ ನಾಲಗೆಗೆ ಮದರಾಸೆಂಬುದೇ ಒಗ್ಗಿಹೋಗಿದೆ. ಈ ಮೂರು ಬೆಟ್ಟಗಳಲ್ಲಿ ಕೊಡೈಕೆನಾಲಿಗೆ ಹೋಗುವವರು ಅಲ್ಲಿಯ ಕೆರೆಯನ್ನು ನೋಡದೆ ಬರುವುದುಂಟೇ? ಆ ಕೆರೆಯ ನೀರನ್ನು ಎಲ್ಲರೂ ನೋಡುತ್ತಾರೆ. ನೀರಿನ ಕೆಳಗೇನಿದೆಯೆಂದು ಕೇಳಿದವರು ಕಡಿಮೆ. ಈ ಲೇಖನದಲ್ಲಿ ಎರಡನ್ನೂ ಹೇಳಬೇಕೆಂದಿದ್ದೇನೆ.

ಮೊದಲು ದಾರಿಯ ವಿಚಾರ. ಎಗ್ಮೋರಿನಲ್ಲಿ ರಾತ್ರಿ ರೈಲು ಹತ್ತಿದರೆ ಬೆಳಗಿನ ಜಾವಕ್ಕೆ ಕೊಡೈಕೆನಾಲ್ ರೋಡ್ ಎಂಬ ಪುಟ್ಟ ನಿಲ್ದಾಣ ಸಿಗುತ್ತದೆ. ಹೆಸರು ಕೇಳಿ ಬೆಟ್ಟ ಬಂದೇಬಿಟ್ಟಿತೆಂದುಕೊಳ್ಳಬಾರದು. ಅಲ್ಲಿಂದ ಊರಿಗೆ ಇನ್ನೂ ಸುಮಾರು 80 ಕಿಲೋಮೀಟರಿದೆ. ವತ್ತಲಗುಂಡು ದಾಟಿದ ಮೇಲೆ ಘಾಟಿ ರಸ್ತೆ ಮೊದಲಾಗುತ್ತದೆ. ಬಾಳೆ, ಕಾಫಿ, ಕಿತ್ತಳೆಯ ತೋಟಗಳು ಒಂದೊಂದಾಗಿ ಹಿಂದೆ ಸರಿದು, ಏಳು ಸಾವಿರ ಅಡಿ ಎತ್ತರಕ್ಕೆ ಬರುವಷ್ಟರಲ್ಲಿ ನೀಲಗಿರಿ ಮರಗಳ ವಾಸನೆಯೂ ಮಂಜೂ ಎದುರುಗೊಳ್ಳುತ್ತವೆ. 2024ರ ಮೇ ತಿಂಗಳಲ್ಲಿ ಮದರಾಸು ಹೈಕೋರ್ಟಿನ ಅಪ್ಪಣೆಯಂತೆ, ಹೊರಗಿನಿಂದ ಬರುವ ವಾಹನಗಳಿಗೆ ಇ-ಪಾಸ್ ಬೇಕೆಂಬ ನಿಯಮ ಬಂದಿತು. ಹೊರಡುವ ಮುನ್ನ ಅದನ್ನು ವಿಚಾರಿಸಿಕೊಳ್ಳುವುದು ಒಳ್ಳೆಯದು.

ಊರು ಇನ್ನೂ ಎಂಟು ಕಿಲೋಮೀಟರು ಇರುವಾಗಲೇ ರಸ್ತೆಯ ಮಗ್ಗುಲಲ್ಲಿ ಸಿಲ್ವರ್ ಕ್ಯಾಸ್ಕೇಡ್ ಎಂಬ ಜಲಪಾತ ಕಾಣುತ್ತದೆ. ಸುಮಾರು 180 ಅಡಿ ಎತ್ತರದಿಂದ ಬಂಡೆಗಳ ಮೇಲೆ ಬೆಳ್ಳಗೆ ಇಳಿಯುವ ನೀರು. ಬಸ್ಸುಗಳೂ ಕಾರುಗಳೂ ಅಲ್ಲಿ ನಿಲ್ಲುತ್ತವೆ; ಮುಸುಕಿನ ಜೋಳ ಸುಡುವವರ, ಪಟ ತೆಗೆಸಿಕೊಳ್ಳುವವರ ಗದ್ದಲ. ಈ ನೀರು ಮತ್ತಾವುದೂ ಅಲ್ಲ, ಮೇಲಿರುವ ಕೊಡೈ ಕೆರೆಯ ಕೋಡಿಯ ನೀರು.

ಈ ಸಲದ ಪ್ರಯಾಣಕ್ಕೆ ಕೋಲಾರದ ಕಡೆಯ ಹಳ್ಳಿಯಿಂದ ನಮ್ಮ ಅಕ್ಕ ಬಂದಿದ್ದಳು. ಎಪ್ಪತ್ತು ದಾಟಿದ್ದರೂ ಹೊಲ, ಹಸು, ಕೆರೆ ಎಂದರೆ ಅವಳ ಕಣ್ಣು ಈಗಲೂ ಚುರುಕು. ಮಕ್ಕಳು "ಲೇಕು, ಲೇಕು" ಎಂದು ಮುಂದೆ ಓಡಿದರೆ ಅವಳು ಸೆರಗು ಹೊದ್ದು ನಿಧಾನವಾಗಿ ದಂಡೆಗೆ ಬಂದು, ಒಮ್ಮೆ ಸುತ್ತ ನೋಡಿ, "ಇದೇನೋ, ನಮ್ಮ ಕೆರೆ ಥರಾನೇ ಇದೆಯಲ್ಲೋ! ಏರಿ ಹಾಕಿದಾರೆ, ಕೋಡಿ ಬಿಟ್ಟಿದಾರೆ" ಎಂದಳು.

ಅವಳೆಂದುದು ನಿಜ. ಇದು ತಾನಾಗಿ ಆದ ಸರೋವರವಲ್ಲ. 1863ರಲ್ಲಿ, ಮಧುರೆಯ ಕಲೆಕ್ಟರಾಗಿದ್ದ ವೀರ್ ಹೆನ್ರಿ ಲೆವಿಂಜ್ ಎಂಬವರು ಇಲ್ಲಿಯ ಜೌಗು ನೆಲದಲ್ಲಿ ಹರಿಯುತ್ತಿದ್ದ ತೊರೆಗೆ ಅಡ್ಡಗಟ್ಟೆ ಹಾಕಿಸಿ ನೀರು ನಿಲ್ಲಿಸಿದರು. ಸುಮಾರು 60 ಎಕರೆಯ ಈ ಕೆರೆ ನಕ್ಷತ್ರದ ಹಾಗೆ ಕೈಗಳನ್ನು ಚಾಚಿಕೊಂಡಿದೆ. ಸುತ್ತ ಐದು ಕಿಲೋಮೀಟರಿನ ರಸ್ತೆ; ಅದರ ಮೇಲೆ ಬಾಡಿಗೆಯ ಸೈಕಲುಗಳು, ಕುದುರೆಗಳು; ನೀರಿನ ಮೇಲೆ ಹುಟ್ಟು ಹಾಕುವ ದೋಣಿಗಳು, ಕಾಲಿನಿಂದ ತುಳಿಯುವ ದೋಣಿಗಳು. ಮಂಜು ಇಳಿದು, ಮರಗಳ ನೆರಳು ನೀರಿನಲ್ಲಿ ಕರಗುವ ಸಂಜೆಯ ಹೊತ್ತನ್ನು ನೋಡಿದವರು ಮರೆಯಲಾರರು.

ಅಕ್ಕನ ಪ್ರಶ್ನೆ ಮಾತ್ರ ಬೇರೆಯಾಗಿತ್ತು. "ಈ ಕೆರೆ ಹೂಳು ತೆಗೀತಾರೇನೋ? ತೆಗೆದ್ರೆ ಆ ಗೋಡು ಯಾರ ಹೊಲಕ್ಕೆ ಹೋಗುತ್ತೆ?"

ಪಟ್ಟಣದಲ್ಲಿಯೇ ಬೆಳೆದ ನಮ್ಮ ಮಕ್ಕಳಿಗೆ ಗೋಡೆಂದರೇನೆಂದು ತಿಳಿಸಬೇಕಾಯಿತು. ಮಳೆಯ ನೀರು ಸುತ್ತಣ ನೆಲದ ಮೇಲ್ಮಣ್ಣನ್ನು, ಎಲೆ, ಗೊಬ್ಬರಗಳನ್ನು ಕೊಚ್ಚಿ ತಂದು ಕೆರೆಯ ತಳಕ್ಕೆ ಸೇರಿಸುತ್ತದೆ. ಬೇಸಗೆಯಲ್ಲಿ ಕೆರೆ ಬತ್ತಿದಾಗ ಆ ನುಣ್ಣನೆಯ ಕಪ್ಪುಮಣ್ಣನ್ನು ಅಗೆದು, ಗಾಡಿಯಲ್ಲಿ ತುಂಬಿ ಹೊಲಕ್ಕೆ ಹಾಕುತ್ತಿದ್ದರು. ಕೆರೆಯ ಹೂಳೂ ಹೋಗುವುದು, ಹೊಲಕ್ಕೆ ಸಾರವೂ ಬರುವುದು. ಎರಡೂ ಕೆಲಸ ಒಂದೇ ಗಾಡಿಯಲ್ಲಿ. ಕೆರೆಯ ತಳದಲ್ಲಿರುವುದು ಒಳ್ಳೆಯದೇ ಎಂಬ ನಂಬಿಕೆಯ ಮೇಲೆ ನಮ್ಮ ಸೀಮೆಯ ಬೇಸಾಯ ನಡೆದುಬಂದಿತು. ಕೊಡೈ ಕೆರೆಯ ವಿಷಯದಲ್ಲಿ ಆ ನಂಬಿಕೆ ಸಲ್ಲುವುದಿಲ್ಲವೆಂಬುದನ್ನು ಅಕ್ಕನಿಗೆ ಹೇಗೆ ಹೇಳಲಿ ಎಂದು ನಾನು ಯೋಚಿಸಿದೆ. ಸಂಜೆ ಕೋಣೆಯಲ್ಲಿ ಕಂಬಳಿ ಹೊದ್ದು ಕುಳಿತು ಎಲ್ಲವನ್ನೂ ಹೇಳಿದೆ. ಅದನ್ನೇ ಇಲ್ಲಿ ಬರೆಯುತ್ತೇನೆ.

ಜ್ವರ ಬಂದಾಗ ನಾಲಗೆಯ ಕೆಳಗೆ ಇಡುತ್ತಿದ್ದ ಗಾಜಿನ ಥರ್ಮಾಮೀಟರನ್ನು ನಮ್ಮ ತಲೆಯವರೆಲ್ಲ ಬಲ್ಲರು. ಅದು ಕೈಜಾರಿ ಒಡೆದರೆ ಬೆಳ್ಳಿಯ ಗುಂಡುಗಳಂತೆ ಪಾದರಸ ನೆಲದ ಮೇಲೆ ಓಡಾಡುತ್ತಿತ್ತು. ಹುಡುಗರಾದ ನಾವು ಅದನ್ನು ಬೆರಳಿನಿಂದ ತಳ್ಳಿ ಆಡಿದ್ದೂ ಉಂಟು. ಒಂದು ಥರ್ಮಾಮೀಟರಿನಲ್ಲಿರುವುದು ಒಂದು ಗ್ರಾಮಿನಷ್ಟು, ಇಲ್ಲವೆ ಅದಕ್ಕೂ ಕಡಿಮೆ. ಇಂಥ ಥರ್ಮಾಮೀಟರುಗಳನ್ನು ಲಕ್ಷಗಟ್ಟಲೆ ಮಾಡುವ ಕಾರ್ಖಾನೆಯೊಂದು ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದ ವಾಟರ್‌ಟೌನ್ ಎಂಬ ಊರಿನಲ್ಲಿತ್ತು. 1983ರ ಸುಮಾರಿಗೆ ಅದರ ಯಂತ್ರಗಳನ್ನು ಕಳಚಿ ತಂದು ಕೊಡೈಕೆನಾಲಿನಲ್ಲಿ, ಪಾಂಬಾರ್ ಶೋಲಾ ಕಾಡಿನ ನೆತ್ತಿಯ ಮೇಲೆ ನಿಲ್ಲಿಸಿದರು. ಮೊದಲು ಪಾಂಡ್ಸ್ ಕಂಪನಿಯದಾಗಿದ್ದ ಕಾರ್ಖಾನೆ ಬಳಿಕ ಹಿಂದುಸ್ತಾನ್ ಲೀವರಿಗೆ ಸೇರಿತು. ಪಾದರಸ ಹೊರದೇಶದಿಂದ ಬರುತ್ತಿತ್ತು; ಸಿದ್ಧವಾದ ಥರ್ಮಾಮೀಟರುಗಳು ಹೊರದೇಶಕ್ಕೆ ಹೋಗುತ್ತಿದ್ದವು. ಒಡೆದವು ಮಾತ್ರ ಇಲ್ಲಿ ಉಳಿಯುತ್ತಿದ್ದವು.

2001ರ ಮಾರ್ಚಿಯಲ್ಲಿ ಊರಿನವರೂ ಗ್ರೀನ್‌ಪೀಸ್ ಸಂಸ್ಥೆಯವರೂ ಮೂಂಜಿಕ್ಕಲ್ ಬಡಾವಣೆಯ ಹಳೆಯ ಸಾಮಾನಿನ ಅಂಗಡಿಯೊಂದರಲ್ಲಿ ಪಾದರಸ ಅಂಟಿದ ಒಡಕು ಗಾಜಿನ ರಾಶಿಯನ್ನು ಬಯಲಿಗೆ ತಂದರು. ಜನ ಮೆರವಣಿಗೆ ಹೊರಟರು. ಅದೇ ತಿಂಗಳು ಕಾರ್ಖಾನೆ ಬಾಗಿಲು ಹಾಕಿತು, ಮತ್ತೆ ತೆರೆಯಲಿಲ್ಲ. 2003ರಲ್ಲಿ ಸುಮಾರು 290 ಟನ್ ಗಾಜು ಮತ್ತಿತರ ಕಸವನ್ನು ಹಡಗಿಗೇರಿಸಿ, ಪಾದರಸವನ್ನು ಬೇರ್ಪಡಿಸುವುದಕ್ಕಾಗಿ ಅಮೆರಿಕದ ಪೆನ್ಸಿಲ್ವೇನಿಯಾಕ್ಕೆ ಕಳುಹಿಸಲಾಯಿತು. ಕಾರ್ಖಾನೆಯಲ್ಲಿ ದುಡಿದವರು ಮೂತ್ರಪಿಂಡ, ನರಗಳ ಕಾಯಿಲೆಗಳಿಗೆ ಈ ಕೆಲಸವೇ ಕಾರಣವೆಂದರು. ಕೆಲಸದಿಂದ ಆರೋಗ್ಯ ಕೆಟ್ಟುದಕ್ಕೆ ಆಧಾರವಿಲ್ಲವೆಂದು ಕಂಪನಿ ವಾದಿಸಿತು. ವ್ಯಾಜ್ಯ ಮದರಾಸು ಹೈಕೋರ್ಟಿನಲ್ಲಿ ಹತ್ತು ವರ್ಷ ನಡೆದು, 2016ರ ಮಾರ್ಚಿಯಲ್ಲಿ 591 ಮಂದಿ ಹಳೆಯ ಕಾರ್ಮಿಕರೊಡನೆ ರಾಜಿಯಾಯಿತು. ಕಾರ್ಖಾನೆಯ ಆವರಣದ ಮಣ್ಣನ್ನು ಶುದ್ಧಮಾಡುವಾಗ ಕಿಲೋಗ್ರಾಮಿಗೆ 20 ಮಿಲಿಗ್ರಾಮಿನವರೆಗೆ ಪಾದರಸ ಉಳಿಯಬಹುದೆಂದು ಸರ್ಕಾರದವರು ಗೊತ್ತುಮಾಡಿದರು. ಬೆಟ್ಟದ ನೆತ್ತಿಯಲ್ಲಿ, ಕಾಡಿನ ಅಂಚಿನಲ್ಲಿ ಅಷ್ಟು ಸಡಿಲ ಸಲ್ಲದೆಂದು ಪರಿಸರದ ಕೆಲಸ ಮಾಡುವವರು ವಾದ ಹೂಡಿದರು.

ಇಲ್ಲಿ ವಾಚಕರು ಕೇಳಬಹುದು: ಕಾರ್ಖಾನೆ ಇದ್ದದ್ದು ಗುಡ್ಡದ ಮೇಲೆ, ಅದರ ನೀರು ಹರಿಯುವುದು ಪಾಂಬಾರಿನ ಕಡೆಗೆ, ಕೆರೆ ಇರುವುದು ಊರಿನ ನಡುವೆ, ಅಲ್ಲಿಗೂ ಇಲ್ಲಿಗೂ ಏನು ಸಂಬಂಧ? ಸಂಬಂಧ ಗಾಳಿಯದು. ಪಾದರಸ ಬೇರೆ ಲೋಹಗಳಂತಲ್ಲ. ನೀರಿಗಿಂತ ಹದಿಮೂರೂವರೆ ಪಟ್ಟು ತೂಕವಾದರೂ ಅದು ದ್ರವ; ಒಲೆಯ ಮೇಲಿಡದಿದ್ದರೂ ತಾನಾಗಿ ಆವಿಯಾಗುತ್ತದೆ. ಆ ಆವಿ ಮಂಜಿನೊಡನೆ, ಮಳೆಯೊಡನೆ ಇಳಿದು ಎಲೆಯ ಮೇಲೆ, ಮಣ್ಣಿನ ಮೇಲೆ ಕೂರುತ್ತದೆ. ಅಲ್ಲಿಂದ ತೊರೆಗೆ, ತೊರೆಯಿಂದ ಕೆರೆಗೆ. ಹೈದರಾಬಾದಿನಲ್ಲಿರುವ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಪ್ರಯೋಗಶಾಲೆಯ ವಿಜ್ಞಾನಿಗಳು ಮೊದಲು ಇಲ್ಲಿಯ ಮರಗಳ ಮೇಲಿನ ಹಾವಸೆಯನ್ನೂ ಕಲ್ಲುಹೂವನ್ನೂ ಪರೀಕ್ಷಿಸಿದರು. ಅವಕ್ಕೆ ಬೇರಿಲ್ಲ, ಗಾಳಿಯಿಂದಲೇ ಆಹಾರ. ಆದ್ದರಿಂದ ಅವುಗಳಲ್ಲಿ ಸಿಕ್ಕಿದ ಪಾದರಸ ಗಾಳಿಯ ಪಾದರಸವೇ ಸರಿ. ಈ ಫಲಿತಾಂಶ 2003ರಲ್ಲಿ ಪ್ರಕಟವಾಯಿತು.

ಬಳಿಕ ಅವರು ಕೆರೆಗೇ ಬಂದರು. ಹೋಲಿಸಿ ನೋಡುವುದಕ್ಕಾಗಿ ದೂರದ ಬೇರಿಜಂ, ಕುಕ್ಕಲ್ ಕೆರೆಗಳ ನೀರನ್ನೂ ಕೆಸರನ್ನೂ ತೆಗೆದುಕೊಂಡರು. 2006ರಲ್ಲಿ ಪ್ರಕಟವಾದ ಅವರ ವರದಿಯಂತೆ ಕೊಡೈ ಕೆರೆಯ ನೀರಿನಲ್ಲಿಯೂ ಕೆಸರಿನಲ್ಲಿಯೂ ಪಾದರಸ ಉಳಿದೆರಡು ಕೆರೆಗಳಿಗಿಂತ ಹೆಚ್ಚಾಗಿತ್ತು. ಕೊಡೈ ಕೆರೆಯ ಮೀನಿನಲ್ಲಿಯೂ ಅದು ಕಂಡಿತು. ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದು. ಕೊಡೈ ಕೆರೆಯ ಕೆಸರಿನ ಪಾದರಸದಲ್ಲಿ ನೂರಕ್ಕೆ ಸುಮಾರು 6 ಪಾಲು ಮೀಥೈಲ್ ಪಾದರಸವಾಗಿ ಮಾರ್ಪಟ್ಟಿತ್ತು. ಬೇರಿಜಂನಲ್ಲಿ 3-4 ಪಾಲು, ಕುಕ್ಕಲಿನಲ್ಲಿ 2 ಪಾಲು.

ಈ ಮಾರ್ಪಾಡೇನೆಂಬುದನ್ನು ತಿಳಿದರೆ ಕೆಸರಿನ ಗುಟ್ಟು ತಿಳಿದಂತೆ. ಕೆರೆಯ ತಳದ ಕೆಸರಿನಲ್ಲಿ ಗಾಳಿಯಾಡುವುದಿಲ್ಲ. ಗಾಳಿಯಿಲ್ಲದೆಡೆಯಲ್ಲಿಯೇ ಬದುಕುವ ಕೆಲವು ಸೂಕ್ಷ್ಮಜೀವಿಗಳು ಅಲ್ಲಿವೆ. ಅವು ತಮ್ಮ ಜೀವನ ನಡೆಸುತ್ತ ಪಾದರಸವನ್ನು ಮೀಥೈಲ್ ಪಾದರಸವನ್ನಾಗಿ ಮಾಡುತ್ತವೆ. ನುಂಗಿದ ಲೋಹರೂಪದ ಪಾದರಸ ಹೊಟ್ಟೆಯಿಂದ ಬಹುಮಟ್ಟಿಗೆ ಹಾಗೆಯೇ ಹೊರಬೀಳುತ್ತದೆ. ಮೀಥೈಲ್ ಪಾದರಸ ಹಾಗಲ್ಲ, ಅದು ರಕ್ತಕ್ಕೆ ಸೇರಿ ಮಿದುಳಿಗೂ ಬಸಿರಿನಲ್ಲಿರುವ ಕೂಸಿಗೂ ತಲಪುತ್ತದೆ. ಕೆಸರಿನಿಂದ ನೀರಿನ ಹುಳುಗಳಿಗೆ, ಹುಳುಗಳಿಂದ ಸಣ್ಣ ಮೀನಿಗೆ, ಸಣ್ಣ ಮೀನಿನಿಂದ ದೊಡ್ಡ ಮೀನಿಗೆ ಹೋಗುತ್ತ ಹೋಗುತ್ತ ಅದು ಮೆಟ್ಟಿಲು ಮೆಟ್ಟಿಲಾಗಿ ಹೆಚ್ಚುತ್ತದೆ. ಮೇಲಿನ ಮೆಟ್ಟಿಲಿನಲ್ಲಿ ಮೀನು ತಿನ್ನುವ ಮನುಷ್ಯ ಕುಳಿತಿರುತ್ತಾನೆ.

ಬೇರೆ ಕೊಳೆಗೂ ಲೋಹದ ಕೊಳೆಗೂ ಇರುವ ವ್ಯತ್ಯಾಸವೂ ಇದೇ. ಎಲೆ ಕೊಳೆಯುತ್ತದೆ, ಸಗಣಿ ಗೊಬ್ಬರವಾಗುತ್ತದೆ, ಬಚ್ಚಲ ನೀರು ಕೂಡ ಕಾಲಾಂತರದಲ್ಲಿ ತಿಳಿಯಾಗುತ್ತದೆ. ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ, ಪಾದರಸ ಇವು ಕೊಳೆಯುವ ವಸ್ತುಗಳಲ್ಲ, ಮೂಲಧಾತುಗಳು. ಅವು ನುಣ್ಣನೆಯ ಮಣ್ಣಿನ ಕಣಗಳಿಗೆ ಅಂಟಿಕೊಂಡು ತಳಕ್ಕಿಳಿಯುತ್ತವೆ. ಆಗ ಮೇಲಿನ ನೀರನ್ನು ಪರೀಕ್ಷಿಸಿದವರಿಗೆ ಎಲ್ಲವೂ ಸರಿಯಾಗಿಯೇ ತೋರಬಹುದು. ಪ್ರವಾಹ ಬಂದು ಕೆಸರು ಕದಡಿದರೆ, ನೀರು ಹುಳಿಯಾದರೆ, ಇಲ್ಲವೆ ತಿಳಿಯದವರು ಯಂತ್ರ ಇಳಿಸಿ ಹೂಳು ಕೆದಕಿದರೆ ಹಿಡಿದಿದ್ದ ಲೋಹ ಮತ್ತೆ ನೀರಿಗೆ ಬಿಡುಗಡೆಯಾಗುತ್ತದೆ. ನೀರು ಹರಿದು ಮರೆಯುತ್ತದೆ; ಕೆಸರು ಮರೆಯುವುದಿಲ್ಲ.

ಇದಕ್ಕೆ ಜಗತ್ತು ಕಂಡ ದೊಡ್ಡ ನಿದರ್ಶನ ಜಪಾನಿನ ಮಿನಮಾಟಾ. ಅಲ್ಲಿಯ ಚಿಸ್ಸೋ ಕಾರ್ಖಾನೆ ಕೊಲ್ಲಿಗೆ ಬಿಟ್ಟ ಪಾದರಸದಿಂದ ಬೆಸ್ತರ ಮನೆಗಳಲ್ಲಿ ಕೈಕಾಲು ಸೆಟೆದು ಮಾತು ತೊದಲುವ ರೋಗ ಬಂದಿತು. ರೋಗ ಅಧಿಕೃತವಾಗಿ ಬೆಳಕಿಗೆ ಬಂದದ್ದು 1956ರಲ್ಲಿ. ಕಾರ್ಖಾನೆ ಪಾದರಸ ಬಿಡುವುದನ್ನು ನಿಲ್ಲಿಸಿದ್ದು 1968ರಲ್ಲಿ. ಅಲ್ಲಿಗೆ ಮುಗಿಯಲಿಲ್ಲ. ಕೊಲ್ಲಿಯ ತಳದಲ್ಲಿ ಕುಳಿತಿದ್ದ ಕೆಸರನ್ನು ತೆಗೆದು, ಕಟ್ಟೆಯೊಳಗೆ ತುಂಬಿ, ಮೇಲೆ ಮಣ್ಣು ಮುಚ್ಚುವ ಕೆಲಸ 1977ರಿಂದ 1990ರವರೆಗೆ ನಡೆಯಿತು. ಕೊಲ್ಲಿಯ ಮೀನು ತಿನ್ನಲು ಯೋಗ್ಯವೆಂದು ಸಾರಿದ್ದು 1997ರಲ್ಲಿ. ನಲ್ಲಿ ನಿಲ್ಲಿಸಿದ ದಿನದಿಂದ ಲೆಕ್ಕ ಹಾಕಿದರೂ 29 ವರ್ಷ! ಆ ಊರಿನ ಹೆಸರಿನಲ್ಲಿಯೇ 2013ರಲ್ಲಿ ಆದ ಪಾದರಸದ ಅಂತರರಾಷ್ಟ್ರೀಯ ಒಪ್ಪಂದ 2017ರ ಆಗಸ್ಟಿನಲ್ಲಿ ಜಾರಿಗೆ ಬಂದಿತು. ಭಾರತ ಅದಕ್ಕೆ ಸೇರಿದ್ದು 2018ರಲ್ಲಿ. ಕೊಡೈಕೆನಾಲ್ ಮಿನಮಾಟಾ ಅಲ್ಲ; ಅಲ್ಲಿಯಷ್ಟು ಪಾದರಸವೂ ಇಲ್ಲಿ ನೀರಿಗೆ ಸೇರಿಲ್ಲ, ಅಲ್ಲಿಯ ರೋಗವೂ ಇಲ್ಲಿ ಹಬ್ಬಲಿಲ್ಲ. ಆದರೆ ಕೆಸರಿನ ನಡತೆ ಎಲ್ಲೆಡೆಯೂ ಒಂದೇ.

ಮರುದಿನ ನಾವು ಊರಿನ ಮೇಲಣ ಸೌರ ವೀಕ್ಷಣಾಲಯಕ್ಕೆ ಹೋದೆವು. ಇದು ನಮ್ಮ ಬೆಂಗಳೂರಿಗೆ ನಂಟಿರುವ ಸ್ಥಳ. ಕೋರಮಂಗಲದಲ್ಲಿ ಮುಖ್ಯ ಕಚೇರಿಯಿರುವ ಭಾರತೀಯ ಖಭೌತ ಸಂಸ್ಥೆಯೇ ಇದನ್ನು ನಡೆಸುತ್ತದೆ. 1909ರಲ್ಲಿ ಜಾನ್ ಎವರ್‌ಶೆಡ್ ಎಂಬ ವಿಜ್ಞಾನಿ ಸೂರ್ಯನ ಕಲೆಗಳಲ್ಲಿ ಅನಿಲ ಹೊರಮುಖವಾಗಿ ಹರಿಯುವುದನ್ನು ಕಂಡುಹಿಡಿದದ್ದು ಇಲ್ಲಿಯೇ. 1904ರಿಂದ ಇಲ್ಲಿ ಸೂರ್ಯನ ಚಿತ್ರಗಳನ್ನು ತೆಗೆದು ಜೋಪಾನವಾಗಿ ಇಟ್ಟಿದ್ದಾರೆ. ನೂರು ವರ್ಷದ ಹಿಂದಿನ ಸೂರ್ಯ ಹೇಗಿದ್ದನೆಂದು ಈಗಲೂ ನೋಡಬಹುದು. ಕೆಳಗಿನ ಕೆರೆಯಲ್ಲಿಯೂ ಇಂಥದೇ ಒಂದು ದಫ್ತರವಿದೆ. ಪ್ರತಿ ಮಳೆಗಾಲವೂ ಒಂದು ಪದರ ಮಣ್ಣು ಹಾಸಿ ಹೋಗುತ್ತದೆ. ವಿಜ್ಞಾನಿಗಳು ಉದ್ದನೆಯ ಕೊಳವೆಯನ್ನು ಕೆಸರಿನೊಳಗೆ ಇಳಿಸಿ, ಕಬ್ಬಿನ ಜಲ್ಲೆಯಂತೆ ಮಣ್ಣನ್ನು ಹೊರತೆಗೆದು, ಯಾವ ಪದರ ಯಾವ ಕಾಲದ್ದು, ಅದರಲ್ಲಿ ಯಾವ ಲೋಹ ಎಷ್ಟಿದೆ ಎಂದು ಓದಬಲ್ಲರು. ಮೇಲಿನ ದಫ್ತರವನ್ನು ನಾವು ಹೆಮ್ಮೆಯಿಂದ ಬರೆದಿಟ್ಟೆವು. ಕೆಳಗಿನದನ್ನು ನಮಗರಿವಿಲ್ಲದೆ ಬರೆದೆವು.

ಎಲ್ಲ ಕೇಳಿದ ಅಕ್ಕ ತನ್ನ ಊರಿನ ಮಾತೆತ್ತಿದಳು. ವಾಚಕರಲ್ಲಿ ಕೋಲಾರದ ಕಡೆಯವರಿಗೆ ಈ ಸಂಗತಿ ಗೊತ್ತು. ಬೆಂಗಳೂರಿನ ಕೊಳಚೆ ನೀರನ್ನು ಎರಡನೆಯ ಹಂತದವರೆಗೆ ಶುದ್ಧಮಾಡಿ, ಕೊಳವೆಗಳಲ್ಲಿ ಕೋಲಾರ ಸೀಮೆಯ ಕೆರೆಗಳಿಗೆ ಹರಿಸುವ ಕೆ. ಸಿ. ವ್ಯಾಲಿ ಯೋಜನೆ 2018ರಲ್ಲಿ ಮೊದಲಾಯಿತು. ವರುಷಗಟ್ಟಲೆ ಒಣಗಿದ್ದ ಕೆರೆಗಳು ತುಂಬಿದವು. ಸಾವಿರ ಅಡಿ ಕೊರೆದರೂ ನೀರು ಕಾಣದಿದ್ದ ಸೀಮೆಯಲ್ಲಿ ಅಂತರ್ಜಲ ಮೇಲಕ್ಕೆ ಬಂದಿತು. ಮೂರನೆಯ ಹಂತದ ಶುದ್ಧೀಕರಣವೂ ಬೇಕು, ಲೋಹಗಳ ಅಂಶವನ್ನು ನೋಡಬೇಕು ಎಂಬ ತಕರಾರು ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಗಿಬಂದಿತು.

"ನೀರು ಬಂದದ್ದಕ್ಕೆ ಬೇಡ ಅನ್ನೋದಿಲ್ಲ. ಬಾವೀಲಿ ನೀರು ನೋಡಿ ಇಪ್ಪತ್ತು ವರ್ಷ ಆಗಿತ್ತು. ಆದ್ರೆ ಇನ್ನು ಹತ್ತು ವರ್ಷಕ್ಕೆ ನಮ್ಮ ಕೆರೆ ಗೋಡು ಹೊಲಕ್ಕೆ ಹಾಕಬಹುದೋ ಬಾರದೋ, ಯಾರು ಹೇಳ್ತಾರೆ?" ಎಂದಳು.

ನನ್ನಲ್ಲಿ ಉತ್ತರವಿರಲಿಲ್ಲ, ಆದರೆ ಉತ್ತರ ಸಿಗುವ ದಾರಿ ಇದೆಯೆಂದೆ. ಕೆರೆಗೆ ಬರುವ ನೀರನ್ನು ಪರೀಕ್ಷಿಸಿದರೆ ಸಾಲದು. ವರ್ಷಕ್ಕೊಮ್ಮೆ ತಳದ ಮಣ್ಣನ್ನು ಐದಾರು ಕಡೆ ತೆಗೆದು ಪ್ರಯೋಗಶಾಲೆಗೆ ಕಳುಹಿಸಿ, ಫಲಿತಾಂಶವನ್ನು ಪಂಚಾಯತಿಯ ಗೋಡೆಗೆ ಹಚ್ಚಬೇಕು. ಮಣ್ಣು ಚೆನ್ನಾಗಿದ್ದರೆ ರೈತ ಧೈರ್ಯವಾಗಿ ಗೋಡು ಹೊಡೆಸಬಹುದು. ಲೋಹ ಏರುತ್ತಿದ್ದರೆ ಅದು ಇನ್ನೂ ಸ್ವಲ್ಪವಿರುವಾಗಲೇ ತಡೆಯಬಹುದು. ಕೊಡೈಕೆನಾಲಿನಲ್ಲಿ ಹದಿನೆಂಟು ವರ್ಷ ಕಾರ್ಖಾನೆ ನಡೆಯಿತು. ಕೆರೆಯ ಕೆಸರಿನ ಲೆಕ್ಕ ಜನಕ್ಕೆ ತಿಳಿದದ್ದು ಅದು ಮುಚ್ಚಿದ ಮೇಲೆ. ಕೋಲಾರದಲ್ಲಿ ಹಾಗಾಗಬೇಕಾಗಿಲ್ಲ. "ಹಾಗಾದ್ರೆ ಅರ್ಜಿ ಬರೆದುಕೊಡು, ನಾನೇ ಪಂಚಾಯ್ತಿಗೆ ಹೋಗಿ ಕೊಡ್ತೀನಿ" ಎಂದು ಅಕ್ಕ ಅಲ್ಲಿಯೇ ಅಪ್ಪಣೆ ಮಾಡಿದಳು. ಬರೆದುಕೊಟ್ಟಿದ್ದೇನೆ.

ನಮ್ಮ ಸಂಘಗಳಿರುವ ಊರುಗಳಲ್ಲಿ ಕೂಡ ಇಂಥ ನೀರುಗಳು ಇಲ್ಲದಿಲ್ಲ. ಮುಂಬಯಿಯವರಿಗೆ ಮೀಠಿ ನದಿ, ಹೈದರಾಬಾದಿನವರಿಗೆ ಹುಸೇನ್ ಸಾಗರ, ದೆಹಲಿಯವರಿಗೆ ಯಮುನೆ, ನಮಗೆ ಕೂವಂ. ಕಾರ್ಖಾನೆಗಳನ್ನು ದೂರುವುದು ನ್ಯಾಯವೇ. ಅದರೊಡನೆ ನಮ್ಮ ಮನೆಯ ಪಾಲನ್ನೂ ನೋಡಿಕೊಳ್ಳಬೇಕು. ಗಣೇಶನ ಹಬ್ಬದಲ್ಲಿ ಸೀಸ, ಕ್ರೋಮಿಯಂ ಬೆರೆತ ಬಣ್ಣದ ಮೂರ್ತಿಯನ್ನು ಕೆರೆಗೆ ಬಿಟ್ಟರೆ ಮಣ್ಣು ಕರಗುತ್ತದೆ, ಬಣ್ಣದ ಲೋಹ ತಳದಲ್ಲಿ ಉಳಿಯುತ್ತದೆ. ಬಣ್ಣವಿಲ್ಲದ ಜೇಡಿಮಣ್ಣಿನ ಗಣಪನನ್ನು ಮನೆಯ ಬಕೆಟ್ಟಿನಲ್ಲಿಯೇ ವಿಸರ್ಜಿಸಿ ಆ ಮಣ್ಣನ್ನು ತುಳಸಿಕಟ್ಟೆಗೆ ಹಾಕಬಹುದು. ಹಳೆಯ ಟ್ಯೂಬ್‌ಲೈಟು, ಬ್ಯಾಟರಿಗಳನ್ನು ಬೀದಿಯ ಕಸಕ್ಕೆ ಬೆರೆಸದೆ ಬೇರೆಯಾಗಿ ಕೊಡಬೇಕು. ಬೀರುವಿನ ಮೂಲೆಯಲ್ಲಿ ಗಾಜಿನ ಥರ್ಮಾಮೀಟರು ಇನ್ನೂ ಇದ್ದು ಒಡೆದುಹೋದರೆ, ಮಕ್ಕಳನ್ನು ಹೊರಗೆ ಕಳುಹಿಸಿ, ಕಿಟಕಿ ತೆರೆದು, ಕೈಯಿಂದ ಮುಟ್ಟದೆ, ಪೊರಕೆಯಿಂದ ಗುಡಿಸದೆ, ಗಟ್ಟಿ ಕಾಗದದಿಂದ ಗುಂಡುಗಳನ್ನು ಒಟ್ಟುಮಾಡಿ ಬಿಗಿಯಾದ ಮುಚ್ಚಳದ ಸೀಸೆಗೆ ಹಾಕಬೇಕು. ಬಚ್ಚಲಿಗೆ ಮಾತ್ರ ಚೆಲ್ಲಬಾರದು. ಬಚ್ಚಲ ದಾರಿ ಕೊನೆಗೆ ಯಾವುದೋ ಕೆರೆಯ ತಳಕ್ಕೇ ಹೋಗುತ್ತದೆ.

ಇಷ್ಟು ಓದಿ ಕೊಡೈಕೆನಾಲಿಗೆ ಹೋಗಬಾರದೆಂದು ಯಾರೂ ತೀರ್ಮಾನಿಸಬಾರದು. ಕೆರೆಯ ಸುತ್ತ ನಡೆಯುವುದಕ್ಕೂ ದೋಣಿ ಹತ್ತುವುದಕ್ಕೂ ಅಂಜಿಕೆಯಿಲ್ಲ. ಕೋಕರ್ಸ್ ವಾಕಿನ ತುದಿಯಲ್ಲಿ ನಿಂತು ಬಯಲುಸೀಮೆಯನ್ನು ನೋಡಿ. ಪೇರುಹಣ್ಣು, ಬೆಟ್ಟದ ಬೆಳ್ಳುಳ್ಳಿ ಕೊಂಡು ತನ್ನಿ. ಹನ್ನೆರಡು ವರ್ಷಕ್ಕೊಮ್ಮೆ ಅರಳುವ ಕುರಿಂಜಿ 2018ರಲ್ಲಿ ಅರಳಿತ್ತು. ಲೆಕ್ಕದಂತೆ ಮತ್ತೆ 2030ರಲ್ಲಿ ಅರಳಬೇಕು, ಈಗಿನಿಂದಲೇ ರಜೆ ಗೊತ್ತುಮಾಡಿಕೊಳ್ಳಬಹುದು. ಹೋದವರು ಕೆರೆಯ ಮೀನಿನ ಪರೀಕ್ಷೆ, ಕೆಸರಿನ ಪರೀಕ್ಷೆ ಈಚೆಗೆ ಆಗಿದೆಯೇ ಎಂದು ಅಲ್ಲಿಯ ನಗರಸಭೆಯವರನ್ನು ಒಂದು ಮಾತು ಕೇಳಿ ಬಂದರೆ ಬೆಟ್ಟಕ್ಕೆ ಉಪಕಾರವಾಗುತ್ತದೆ. ನಿಮ್ಮೂರಿನಲ್ಲಿ ಕೆರೆಯ ಹೂಳೆತ್ತುವ ಸುದ್ದಿ ಬಂದಾಗಲೂ ಎರಡು ಪ್ರಶ್ನೆ ಕೇಳಿ: ಹೂಳನ್ನು ಪರೀಕ್ಷೆ ಮಾಡಿಸಿದಿರಾ? ಅದನ್ನು ಎಲ್ಲಿಗೆ ಸಾಗಿಸುತ್ತೀರಿ? ಉತ್ತರ ಬರುವವರೆಗೆ ಗಾಡಿ ಹೊರಡದಿರಲಿ.